ಕಿವಿಗೊಂದು ಮೆತ್ತೆ

ಕಚೇರಿಯಲ್ಲಿ ಯಾರದಾದರೂ ಕೆನ್ನೆಯ ಮೇಲೆ ಕರಿಚುಕ್ಕೆ ಕಂಡರೆ ಈಗ ಯಾರೂ ಅದನ್ನು ದೃಷ್ಟಿಬೊಟ್ಟೆಂದು ತಿಳಿಯುವುದಿಲ್ಲ. ಹೆಡ್‌ಫೋನಿನ ಪ್ಯಾಡು ಉದುರಲು ಶುರುವಾಗಿದೆ ಎಂದು ನೋಡಿದವರಿಗೆಲ್ಲ ಗೊತ್ತು. ಆದರೆ ಹೇಳುವವರು ಯಾರು? ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಕೊತ್ತಂಬರಿ ಸೊಪ್ಪನ್ನು ಸನ್ನೆಯಲ್ಲಾದರೂ ತಿಳಿಸಬಹುದು. ಕಿವಿಯ ಹಾಲೆಗಂಟಿದ ರೆಕ್ಸಿನ್ ಚೂರಿಗೆ ತಕ್ಕ ಸನ್ನೆ ಇನ್ನೂ ಹುಟ್ಟಿಲ್ಲ. ನಮ್ಮ ಕಿವಿ ಮುಟ್ಟಿ ತೋರಿಸಿದರೆ ಎದುರಿನವರು ‘ಕೇಳಿಸ್ತಿಲ್ವಾ?’ ಎಂದು ದನಿ ಏರಿಸುತ್ತಾರೆ. ಹಾಗಾಗಿ ಮೇಲಧಿಕಾರಿಗಳು ಗಂಭೀರವಾಗಿ ಮೂರು ತಿಂಗಳ ಲೆಕ್ಕ ಒಪ್ಪಿಸುತ್ತಿರುವಾಗ ಅವರ ಕಿವಿಯಂಚಿನಲ್ಲಿ ಕರಿಯ ಹೊಪ್ಪಳೆಯೊಂದು ಫ್ಯಾನಿನ ಗಾಳಿಗೆ ಅಲ್ಲಾಡುತ್ತಿರುತ್ತದೆ. ನಾವು ಲೆಕ್ಕ ಬಿಟ್ಟು ಅದನ್ನೇ ನೋಡುತ್ತಿರುತ್ತೇವೆ.

ಮನೆಯಲ್ಲಿ ಇಂಥ ದಾಕ್ಷಿಣ್ಯವಿಲ್ಲ. ‘ರೀ, ದಿಂಬಿನ ಮೇಲೆ ಇದೇನ್ರೀ ಇಷ್ಟೊಂದು ಇರುವೆ ಸತ್ತು ಬಿದ್ದಿವೆ?’ ಎಂದು ಹೆಂಡತಿ ಒಂದು ಬೆಳಿಗ್ಗೆ ಕೇಳಿದಳು. ನಾನು ಕನ್ನಡಕ ಏರಿಸಿಕೊಂಡು ಪರೀಕ್ಷಿಸಿ, ‘ಇರುವೆಯಲ್ಲ, ಪಾಲಿಯುರೆಥೇನು’ ಎಂದೆ.

‘ಕಚ್ಚುತ್ತಾ?’

‘ಇಲ್ಲ.’

‘ಹಾಗಾದ್ರೆ ನೀವೇ ಗುಡಿಸಿ.’

ಈ ಪಾಲಿಯುರೆಥೇನಿನ ಕಥೆಯನ್ನು ಸ್ವಲ್ಪ ಹೇಳಲೇಬೇಕು. ಡಬ್ಬದ ಮೇಲೆ ಸಾಫ್ಟ್ ಲೆದರ್, ಪ್ರೋಟೀನ್ ಲೆದರ್ ಎಂದೆಲ್ಲ ಬಿರುದು ಹೊತ್ತು ಬರುವ, ನಾವು ಸುಲಭದಲ್ಲಿ ರೆಕ್ಸಿನ್ ಎನ್ನುವ ಆ ಕರಿ ಹೊದಿಕೆ ಹೆಚ್ಚಿನ ಪಾಲು ಬಟ್ಟೆಯ ಮೇಲೆ ತೆಳ್ಳಗೆ ಬಳಿದ ಪಾಲಿಯುರೆಥೇನ್ ಪ್ಲಾಸ್ಟಿಕ್ಕು. ಅದರಲ್ಲಿ ಅಗ್ಗದ ಜಾತಿಗೆ ನೀರೆಂದರೆ ಆಗದು. ನೀರಿನಲ್ಲಿ ಅದ್ದಬೇಕೆಂದೇನಿಲ್ಲ, ಗಾಳಿಯ ತೇವವೇ ಸಾಕು. ಅದರ ಉದ್ದುದ್ದ ಅಣುಸರಪಳಿಗಳನ್ನು ಆ ತೇವ ಅಲ್ಲಲ್ಲಿ ಕತ್ತರಿಸುತ್ತ ಹೋಗುತ್ತದೆ. ಸೆಖೆಯೂ ಸೇರಿದರೆ ಕೆಲಸ ಚುರುಕು. ಮೇಲಿನಿಂದ ಬೆವರು, ತಲೆಗೆ ಹಚ್ಚಿದ ಎಣ್ಣೆ. ಒಂದು ದಿನ ಮೇಲ್ಪದರ ಬಿರಿಯುತ್ತದೆ, ಆಮೇಲೆ ಸುಲಿಯುತ್ತದೆ. ಕಾರವಾರದಿಂದ ಮಂಗಳೂರಿನವರೆಗೆ ನಮ್ಮ ಕರಾವಳಿಯಲ್ಲಿ ಇವೆಲ್ಲವೂ ಧಾರಾಳ. ವಿಜಯಪುರದಲ್ಲಿರುವ ನನ್ನ ಗೆಳೆಯನ ಹೆಡ್‌ಫೋನು ಒಣಹವೆಯಲ್ಲಿ ಠಾಕುಠೀಕಾಗಿರುವಾಗಲೇ ಕುಂದಾಪುರದಲ್ಲಿರುವ ನನ್ನ ಭಾವಮೈದನ ಅಂಥದೇ ಹೆಡ್‌ಫೋನು ಒಂದು ಮಳೆಗಾಲ ದಾಟುವುದರೊಳಗೆ ಪೊರೆ ಬಿಡಲು ಶುರುಮಾಡಿತ್ತು. ಮದುವೆಗೆಂದು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟ ಬೂಟಿನ ಅಟ್ಟೆ ಛತ್ರದ ಮೆಟ್ಟಿಲಲ್ಲಿ ಪುಡಿಪುಡಿಯಾಗಿ ಮದುಮಗನ ಮಾವನನ್ನು ಬರಿಗಾಲಲ್ಲಿ ನಿಲ್ಲಿಸುವುದಕ್ಕೂ ಇದೇ ಕಾರಣ. ಬಳಸಿದರೂ ಹೋಗುತ್ತದೆ, ಬಳಸದೆ ಇಟ್ಟರೂ ಹೋಗುತ್ತದೆ. ಜಿಪುಣರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೆ ಬೇಕೆ?

ಹೊದಿಕೆ ಉದುರಿದರೇನಂತೆ, ಒಳಗೆ ಸ್ಪಂಜು ಇದೆಯಲ್ಲ, ದನಿ ಬರುವುದು ಯಂತ್ರದಿಂದ ತಾನೆ ಎಂದು ಹಾಗೇ ಮುಂದುವರಿಸುವ ಸ್ಥಿತಪ್ರಜ್ಞರು ಬಹಳ ಮಂದಿ. ಅವರಿಗೆ ಒಂದು ಪರೀಕ್ಷೆ ಹೇಳುತ್ತೇನೆ, ಖರ್ಚಿಲ್ಲದ್ದು. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನಿನಲ್ಲಿ ಮೃದಂಗವೋ ತಬಲವೋ ಇರುವ ಯಾವುದಾದರೂ ಹಾಡು ಹಾಕಿ. ಎರಡು ಬಟ್ಟಲುಗಳನ್ನೂ ಅಂಗೈಯಿಂದ ಮೆಲ್ಲಗೆ ತಲೆಗೆ ಒತ್ತಿ: ಎಡಗೈ ಗುಮಕಿ ಮೇಲೇಳುತ್ತದೆ. ಈಗ ಒಂದು ಬೆರಳು ತೂರುವಷ್ಟು ಬಟ್ಟಲನ್ನೆತ್ತಿ: ಗುಮಕಿ ಮಾಯ, ಉಳಿಯುವುದು ಬಲಗೈಯ ಚಟಪಟ. ಯಂತ್ರ ಅದೇ, ಹಾಡೂ ಅದೇ, ವಾದಕರೂ ಎದ್ದು ಹೋಗಿಲ್ಲ. ಹೋದದ್ದು ಪ್ಯಾಡಿಗೂ ಚರ್ಮಕ್ಕೂ ನಡುವಿನ ಬಿಗಿ.

ಇದರ ಗುಟ್ಟು ಗಾಳಿಯಲ್ಲಿದೆ. ಕೋಣೆಯಲ್ಲಿಟ್ಟ ಸ್ಪೀಕರು ಮಂದ್ರ ನುಡಿಸಬೇಕಾದರೆ ಕೋಣೆಯಷ್ಟು ಗಾಳಿಯನ್ನು ಅಲ್ಲಾಡಿಸಬೇಕು. ಅದಕ್ಕೇ ಜಾತ್ರೆಯ ಡಿ.ಜೆ. ಸೆಟ್ಟಿನವರು ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಹೊತ್ತು ತರುವುದು. ಹೆಡ್‌ಫೋನಿನ ಒಳಗೆ ತುಯ್ದಾಡುವ ಪೊರೆ ಸಾಮಾನ್ಯವಾಗಿ 40 ಮಿಲಿಮೀಟರ್ ಅಗಲದ್ದು. ಆ ಪುಟಾಣಿ ನಮಗೆ ತಂಬೂರಿಯ ಖರಜವನ್ನು ಕೇಳಿಸಬಲ್ಲದೆಂದರೆ ಅದು ಅಲ್ಲಾಡಿಸಬೇಕಾದ ಗಾಳಿ ಒಂದು ಮುಷ್ಟಿಯಷ್ಟೂ ಇಲ್ಲ ಎಂಬುದೇ ಕಾರಣ. ಪೊರೆ, ಪ್ಯಾಡಿನ ಗೋಡೆ, ಕೆನ್ನೆ, ಕಿವಿ ಎಲ್ಲ ಸೇರಿ ಒಂದು ಮುಚ್ಚಿದ ಕೋಣೆ. ಪೊರೆ ಮುಂದಕ್ಕೆ ಬಂದಾಗ ಒಳಗಿನ ಒತ್ತಡ ಏರುತ್ತದೆ, ಹಿಂದಕ್ಕೆ ಸರಿದಾಗ ಇಳಿಯುತ್ತದೆ, ಕಿವಿತಮಟೆ ಅದನ್ನು ನಾದವೆಂದು ಓದಿಕೊಳ್ಳುತ್ತದೆ. ಗೋಡೆಯಲ್ಲಿ ಒಂದು ಸಂದಿಯಿದ್ದರೆ ಗಾಳಿ ಆ ಕಡೆಯಿಂದ ಸೋರುತ್ತದೆ. ನಿಧಾನವಾಗಿ ಹೋಗಿ ಬರುವ ಮಂದ್ರಕ್ಕೆ ಸೋರಲು ಬೇಕಾದಷ್ಟು ಸಮಯವಿದೆ. ತಾರದ ಕಂಪನಕ್ಕೆ ಅಷ್ಟು ಪುರುಸೊತ್ತಿಲ್ಲ. ಹಾಗಾಗಿ ಸಂದಿ ಬಿದ್ದಾಗ ಮೊದಲು ಮನೆಬಿಡುವುದು ಮಂದ್ರ.

ನಮ್ಮ ಮೃದಂಗದವರಿಗೆ ಇಂಥ ವಿಷಯ ಹೇಳಿಕೊಡಬೇಕಾಗಿಲ್ಲ. ಕಛೇರಿಗೆ ಮುಂಚೆ ಅವರು ಎಡದ ಮುಚ್ಚಿಗೆಗೆ ಒದ್ದೆ ರವೆಯ ಮುದ್ದೆಯನ್ನು ಮೆತ್ತುತ್ತಾರೆ. ಹಾಗೆ ಮೆತ್ತದಿದ್ದರೆ ಹಲಸಿನ ಮರ ಎಷ್ಟೇ ಉತ್ತಮವಾಗಿರಲಿ, ತೊಗಲು ಎಷ್ಟೇ ಬೆಲೆಯದಾಗಿರಲಿ, ಎಡಗಡೆ ಗುಂ ಎನ್ನುವುದಿಲ್ಲ. ಉಪ್ಪಿಟ್ಟಿನ ರವೆ ಅದು, ವಾದ್ಯದ ಬೆಲೆಯಲ್ಲಿ ಅದರ ಪಾಲು ಲೆಕ್ಕಕ್ಕೇ ಇಲ್ಲ. ಹೆಡ್‌ಫೋನಿನಲ್ಲಿ ಪ್ಯಾಡು ಆ ರವೆಯ ಜಾಗದಲ್ಲಿದೆ. ನಾವು ಮಾತ್ರ ಸಾವಿರಗಟ್ಟಲೆ ಕೊಟ್ಟು ಮರವನ್ನೂ ತೊಗಲನ್ನೂ ಕೊಂಡು, ರವೆ ಉದುರಿಹೋದದ್ದನ್ನು ಗಮನಿಸದೆ ‘ಈಗಿನ ಮಾಲೇ ಹೀಗೆ’ ಎಂದು ದೂರುತ್ತೇವೆ.

ಸಂದಿ ಮಾಡಲು ಪ್ಯಾಡು ಹರಿದೇ ಇರಬೇಕೆಂದೇನೂ ಇಲ್ಲ. ನನ್ನಂಥ ಕನ್ನಡಕಧಾರಿಗಳು ಹೊಸ ಹೆಡ್‌ಫೋನಿಗೂ ಸಂದಿಯನ್ನು ಮನೆಯಿಂದಲೇ ತಂದಿರುತ್ತೇವೆ. ಕನ್ನಡಕದ ಕಡ್ಡಿ ಕಿವಿಯ ಮೇಲೆ ಹಾದುಹೋಗುವಲ್ಲಿ ಪ್ಯಾಡು ಒಂದಿಷ್ಟು ಎದ್ದು ನಿಲ್ಲುತ್ತದೆ. ಅಲ್ಲಿಂದ ತಂಬೂರಿ ಸೋರುತ್ತದೆ. ಫ್ಯಾಷನ್ನೆಂದು ಅಗಲ ಕಡ್ಡಿಯ ಫ್ರೇಮು ಕೊಂಡವರು ಅಷ್ಟರಮಟ್ಟಿಗೆ ಮಂದ್ರಸ್ಥಾಯಿಯನ್ನು ಮಾರಿದ ಹಾಗೆ. ತೆಳು ತಂತಿಯ ಕಡ್ಡಿ ವಾಸಿ. ಪ್ಯಾಡಿನ ಸ್ಪಂಜು ಮೆತ್ತಗಿದ್ದು ಕಡ್ಡಿಯ ಸುತ್ತ ಕವಿದುಕೊಂಡರೆ ಇನ್ನೂ ವಾಸಿ. ಎಲ್ಲಕ್ಕಿಂತ ವಾಸಿ ಕನ್ನಡಕ ತೆಗೆದಿಟ್ಟು ಕೇಳುವುದು. ಆದರೆ ಕನ್ನಡಕ ತೆಗೆದರೆ ನನಗೆ ಹಾಡು ಸರಿಯಾಗಿ ಕೇಳಿಸುವುದಿಲ್ಲ. ಇದಕ್ಕೆ ವಿಜ್ಞಾನದಲ್ಲಿ ಉತ್ತರವಿಲ್ಲ, ವಯಸ್ಸಿನಲ್ಲಿ ಇದೆ. ದಪ್ಪ ಜಡೆ, ಗುಂಗುರು ಕೂದಲು, ಗಡ್ಡ ಇವೂ ಸಣ್ಣಪುಟ್ಟ ಸೋರಿಕೆಗೆ ಕಾರಣವಾಗುತ್ತವೆ.

ಹೆಡ್‌ಫೋನುಗಳನ್ನು ಅಳೆದು ನೋಡುವ ಪ್ರಯೋಗಶಾಲೆಗಳಲ್ಲಿ ಒಬ್ಬ ಆದರ್ಶ ಕೇಳುಗ ಇದ್ದಾನೆ. ಹೆಸರು ಕೆಮಾರ್. 1972ರಲ್ಲಿ ಅಮೆರಿಕದ ನೋಲ್ಸ್ ಕಂಪನಿ, ದೊಡ್ಡವರ ದೇಹದ ಸರಾಸರಿ ಅಳತೆ ಹಿಡಿದು ಮಾಡಿದ ಗೊಂಬೆ: ತಲೆ, ಎದೆ, ರಬ್ಬರಿನ ಕಿವಿ, ಕಿವಿಯೊಳಗೆ ಮೈಕು. ಅವನಿಗೆ ಕನ್ನಡಕವಿಲ್ಲ, ಗಡ್ಡವಿಲ್ಲ, ಬೆವರುವುದಿಲ್ಲ, ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವುದಿಲ್ಲ. ಅಂಥವನ ಮೇಲೂ ಹೆಡ್‌ಫೋನನ್ನು ತೆಗೆದು ಮತ್ತೆ ಇಟ್ಟರೆ ಅಳತೆ ಒಂದಿಷ್ಟು ಬದಲಾಗುತ್ತದೆ, ಪ್ಯಾಡು ಪ್ರತಿ ಸಲ ಒಂದೇ ರೀತಿ ಕೂರುವುದಿಲ್ಲವಾದ್ದರಿಂದ. ಅದಕ್ಕೇ ಬಲ್ಲವರು ಹಲವು ಸಲ ಇಟ್ಟು ತೆಗೆದು ಸರಾಸರಿ ಹಿಡಿಯುತ್ತಾರೆ. ಗೊಂಬೆಯ ಪಾಡೇ ಹೀಗಾದರೆ ನಮ್ಮ ನಿಮ್ಮದು ಕೇಳಬೇಕೆ.

ಮನುಷ್ಯನ ಕಿವಿ ಮೆತ್ತನೆಯದು, ಯಂತ್ರ ಗಟ್ಟಿಯದು, ನಡುವೆ ಏನಾದರೂ ಬೇಕು ಎಂಬ ಅರಿವು ಬಹಳ ಹಿಂದೆಯೇ ಮೂಡಿತ್ತು. ಫ್ರಾನ್ಸಿನ ಎರ್ನೆಸ್ಟ್ ಮರ್ಕಾಡಿಯೆ 1891ರಲ್ಲಿ ಕಿವಿಯೊಳಗೇ ಇಟ್ಟುಕೊಳ್ಳುವ ಟೆಲಿಫೋನಿಗೆ ಪೇಟೆಂಟ್ ಪಡೆದಾಗ ಅದರ ತುದಿಗೆ ರಬ್ಬರಿನ ಟೋಪಿ ತೊಡಿಸಿದ್ದ. ಆದರೆ ಹೆಡ್‌ಫೋನಿನ ಪುರಾಣದಲ್ಲಿ ನನಗೆ ಪ್ರಿಯನಾದವನು ಅಮೆರಿಕದ ಯೂಟಾದ ನಥಾನಿಯಲ್ ಬಾಲ್ಡ್‌ವಿನ್. 1910ರ ಸುಮಾರಿಗೆ ಈತ ತನ್ನ ಅಡುಗೆಮನೆಯ ಮೇಜಿನ ಮೇಲೆ ಹೆಡ್‌ಫೋನು ಮಾಡಿ, ಬಣ್ಣದ ಕಾಗದದಲ್ಲಿ ನೇರಳೆ ಶಾಯಿಯಿಂದ ಪತ್ರ ಬರೆದು ಅಮೆರಿಕದ ನೌಕಾಪಡೆಗೆ ಕಳಿಸಿದ. ಪತ್ರ ನೋಡಿ ನಕ್ಕಿರಬಹುದಾದ ಅಧಿಕಾರಿಗಳು ಹೆಡ್‌ಫೋನು ಕಿವಿಗಿಟ್ಟ ಮೇಲೆ ನಗು ನಿಲ್ಲಿಸಿ ಆರ್ಡರು ಕೊಟ್ಟರು. ಅಡುಗೆಮನೆಯಲ್ಲಿ ಒಂದು ಸಲಕ್ಕೆ ಹತ್ತಕ್ಕಿಂತ ಹೆಚ್ಚು ಮಾಡಲು ಜಾಗ ಸಾಲದು ಎಂದು ಈತ ಉತ್ತರ ಬರೆದ. ಅಡುಗೆ ಮಾಡುವವರು ಏನೆಂದರೋ ಚರಿತ್ರೆಕಾರರು ಬರೆದಿಲ್ಲ.

ಆ ಕಾಲದ ಹೆಡ್‌ಫೋನು ಕೆಲಸದ ಸಾಮಾನು. ನಿಸ್ತಂತು ಆಪರೇಟರುಗಳು, ಹಡಗಿನವರು, ಟೆಲಿಫೋನ್ ಎಕ್ಸ್‌ಚೇಂಜಿನವರು ಹಾಕಿಕೊಳ್ಳುತ್ತಿದ್ದದ್ದು. ಬೇಕಾದದ್ದು ಸಂದೇಶ ಕೇಳುವುದು. ಕಿವಿ ನೋಯುವುದು ಸಂಬಳದ ಒಂದು ಭಾಗ. ಸಂತೋಷಕ್ಕಾಗಿ ಗಂಟೆಗಟ್ಟಲೆ ಹಾಕಿಕೊಂಡು ಕೂರಬಹುದು ಎಂಬ ವಿಚಾರಕ್ಕೆ ಬಲ ಬಂದದ್ದು 1958ರಲ್ಲಿ, ಮಿಲ್ವಾಕಿಯ ಜಾನ್ ಕಾಸ್ ಸ್ಟೀರಿಯೊ ಹೆಡ್‌ಫೋನು ಮಾಡಿದ ಮೇಲೆ. ಹತ್ತು ವರ್ಷ ಬಿಟ್ಟು, 1968ರಲ್ಲಿ, ಜರ್ಮನಿಯ ಸೆನ್‌ಹೈಸರ್ ಕಂಪನಿ ಎಚ್‌ಡಿ 414 ಎಂಬುದನ್ನು ತಂದಿತು. ಹೊರಮೈ ಮುಚ್ಚದೆ ತೆರೆದೇ ಬಿಟ್ಟ ಮೊದಲ ಹೆಡ್‌ಫೋನು ಅದು. ಕಿವಿಯ ಮೇಲೆ ಕೂರುವುದು ಹಳದಿ ಬಣ್ಣದ ಬರೀ ಸ್ಪಂಜು. ಕೊಳೆಯಾದರೆ ಕಳಚಿ ತೊಳೆಯಬಹುದು, ಸವೆದರೆ ಹೊಸದು ಹಾಕಬಹುದು. ಮಂದ್ರ ಕೊಂಚ ಕಡಿಮೆಯೇ, ಆದರೆ ಕಿವಿಗೆ ಉಸಿರಾಡಲು ಗಾಳಿ, ಹಾಡಿಗೆ ಓಡಾಡಲು ಬಯಲು. ಜನ ಮುಗಿಬಿದ್ದು ಕೊಂಡರು.

ನಮ್ಮೂರಿಗೆ ಸ್ಪಂಜು ಬಂದದ್ದು ಗಲ್ಫ್ ಮಾರ್ಗವಾಗಿ. ಸೋನಿಯವರ ವಾಕ್‌ಮನ್ 1979ರಲ್ಲಿ ಜಪಾನಿನಲ್ಲಿ ಹುಟ್ಟಿದಾಗ ಅದರ ಜೊತೆಗಿದ್ದ ಹಗುರ ಹೆಡ್‌ಫೋನಿಗೆ ಕಿತ್ತಳೆ ಬಣ್ಣದ ಸ್ಪಂಜಿತ್ತು. ಆಮೇಲಿನ ವರ್ಷಗಳಲ್ಲಿ ದುಬೈ, ಮಸ್ಕತ್ತಿನಿಂದ ರಜೆಗೆ ಬಂದ ಯಾವ ಕರಾವಳಿಯ ಹುಡುಗನ ಕುತ್ತಿಗೆಯಲ್ಲೂ ಅಂಥದೊಂದು ನೇತಾಡುತ್ತಿತ್ತು. ಅವನು ವಾಪಸು ಹೋಗುವಾಗ ಅದು ತಮ್ಮನಿಗೆ, ತಮ್ಮನಿಂದ ಸೋದರಳಿಯನಿಗೆ. ಈ ವರ್ಗಾವಣೆಯಲ್ಲಿ ಮೊದಲು ಕಳೆದುಹೋಗುತ್ತಿದ್ದದ್ದು ಸ್ಪಂಜು. ಬಸ್ಸಿನ ಕಿಟಕಿಯಿಂದ ಹಾರಿದ್ದು, ಬೆಕ್ಕು ಕಚ್ಚಿಕೊಂಡು ಹೋದದ್ದು, ಮಗು ಬಾಯಿಗೆ ಹಾಕಿಕೊಂಡದ್ದು. ಹೊಸ ಸ್ಪಂಜು ಕುಂದಾಪುರ ಪೇಟೆಯಲ್ಲಿ ಸಿಗದು. ಪಾತ್ರೆ ತೊಳೆಯುವ ಸ್ಪಂಜನ್ನು ದುಂಡಗೆ ಕತ್ತರಿಸಿ ರಬ್ಬರ್ ಬ್ಯಾಂಡು ಸುತ್ತಿದ ಪ್ರತಿಭಾವಂತರನ್ನು ನಾನು ಬಲ್ಲೆ. ಒಬ್ಬನಂತೂ ತಾಯಿಯ ಹಳೆ ಸೀರೆಯ ತುಂಡು ಕಟ್ಟಿದ್ದ. ಸೀರೆಯಲ್ಲಿ ಹಾಡು ಮಂಕಾಗಿ ಕೇಳುತ್ತಿತ್ತು, ಸ್ಪಂಜಿನಲ್ಲಿ ಚೂಪಾಗಿ. ಅವರಿಗೆ ಗೊತ್ತಿಲ್ಲದೆಯೇ ಅವರೆಲ್ಲ ಧ್ವನಿವಿಜ್ಞಾನದ ಪ್ರಯೋಗ ನಡೆಸುತ್ತಿದ್ದರು.

ಏಕೆಂದರೆ ಪ್ಯಾಡಿಗೆ ಏನು ಹೊದಿಸಿದ್ದೀರಿ ಎಂಬುದು ನಿಜಕ್ಕೂ ದನಿಯನ್ನು ಬದಲಿಸುತ್ತದೆ. ರೆಕ್ಸಿನ್ನೂ ತೊಗಲೂ ಗಾಳಿಯನ್ನು ಬಿಡುವುದಿಲ್ಲ, ದನಿಯನ್ನು ಹೀರುವುದೂ ಕಡಿಮೆ. ಮಂದ್ರ ಭದ್ರವಾಗಿ ನಿಲ್ಲುತ್ತದೆ, ತಾರ ಒಳಗೋಡೆಗೆ ಬಡಿದು ವಾಪಸು ಕಿವಿಗೇ ಬರುತ್ತದೆ. ಮಖಮಲ್ಲಿನ ಹೊದಿಕೆ ಗಾಳಿಯನ್ನು ತುಸು ಸೋರಗೊಡುತ್ತದೆ, ಅದರ ನವಿರು ಕೂದಲು ತಾರದ ಅಂಚನ್ನು ಹೀರಿಕೊಳ್ಳುತ್ತದೆ. ಗುಮಕಿ ಕೊಂಚ ಇಳಿದು ಒಟ್ಟು ಹಾಡು ಹಗುರಾಗುತ್ತದೆ. ಎರಡರ ಗುಣವೂ ಬೇಕೆಂಬ ಆಸೆಬುರುಕರು ಹೊರಗೋಡೆಗೆ ತೊಗಲು, ಕೆನ್ನೆ ತಾಗುವಲ್ಲಿ ಬಟ್ಟೆ ಹಾಕಿದ ಮಿಶ್ರತಳಿಯನ್ನೂ ಮಾಡಿದ್ದಾರೆ. ಒಳಗಿನ ಸ್ಪಂಜಿನಲ್ಲಿ ಈಗ ಹೆಸರುವಾಸಿಯಾದದ್ದು ಮೆಮೊರಿ ಫೋಮು. 1966ರಲ್ಲಿ ಚಾರ್ಲ್ಸ್ ಯೋಸ್ಟ್ ಎಂಬ ಎಂಜಿನಿಯರು ನಾಸಾ ಸಂಸ್ಥೆಗಾಗಿ ವಿಮಾನದ ಸೀಟಿನ ಮೆತ್ತೆಯನ್ನು ಸುಧಾರಿಸುವಾಗ ಹುಟ್ಟಿದ ವಸ್ತು. ಮೈಬಿಸಿಗೆ ಮೆದುವಾಗಿ ಒತ್ತಿದ ಆಕಾರಕ್ಕೆ ಕವಿದುಕೊಳ್ಳುತ್ತದೆ, ಬಿಟ್ಟರೆ ಅವಸರವಿಲ್ಲದೆ ಮೊದಲಿನಂತಾಗುತ್ತದೆ. ಕನ್ನಡಕದವರ ಪಾಲಿಗೆ ಅದು ವರ.

ದಪ್ಪದ ವಿಷಯ ಇನ್ನೂ ಸೂಕ್ಷ್ಮ. ಸೆಕೆಂಡಿಗೆ 100 ಸಲ ಕಂಪಿಸುವ ನಾದದ ಒಂದು ಅಲೆಯ ಉದ್ದ ಸುಮಾರು ಮೂರೂವರೆ ಮೀಟರು. ಪ್ಯಾಡು ಅರ್ಧ ಸೆಂಟಿಮೀಟರ್ ದಪ್ಪವಾದರೂ ತೆಳುವಾದರೂ ಅದಕ್ಕೆ ಲಕ್ಷ್ಯವಿಲ್ಲ. 10,000 ಸಲ ಕಂಪಿಸುವ ನಾದದ ಅಲೆ ಸುಮಾರು ಮೂರೂವರೆ ಸೆಂಟಿಮೀಟರು. ಆ ಅಳತೆಯ ಅಲೆಗೆ ಕೆಲವೇ ಮಿಲಿಮೀಟರಿನ ಹೆಚ್ಚುಕಡಿಮೆಯೂ ದೊಡ್ಡ ಸಂಗತಿ. ತಾಳದ ಟಿಣ್ ಎಂಬ ಅಂಚು, ಪಿಟೀಲಿನ ಕಮಾನಿನ ಉಜ್ಜು, ಸ ಶ ಕಾರಗಳ ಸೀಟಿ ಎಲ್ಲ ಈ ವಲಯಕ್ಕೆ ಸೇರಿದವು. ಕಿವಿಯ ಕಾಲುವೆಯ ಉದ್ದ ಎರಡೂವರೆ ಸೆಂಟಿಮೀಟರಷ್ಟು. ಅದು ತನ್ನಷ್ಟಕ್ಕೆ 3,000 ಕಂಪನದ ಆಸುಪಾಸನ್ನು ಎತ್ತಿ ಕೇಳಿಸುತ್ತದೆ. ಅದರ ಮುಂದೆ ಪ್ಯಾಡು ಕಟ್ಟುವ ಕೋಣೆಯ ಆಳ, ಅಗಲ, ಓರೆ ಎಲ್ಲ ಸೇರಿ ತಮ್ಮ ತಿದ್ದುಪಡಿ ಹಾಕುತ್ತವೆ. ಪ್ಯಾಡು ವರ್ಷಗಟ್ಟಲೆ ತಲೆಪಟ್ಟಿಯ ಒತ್ತಡಕ್ಕೆ ಅಪ್ಪಚ್ಚಿಯಾದಾಗ ಯಂತ್ರ ಕಿವಿಗೆ ಹತ್ತಿರ ಬರುತ್ತದೆ, ಹಾಡಿನ ಬಣ್ಣ ಮೆಲ್ಲಗೆ ತಿರುಗುತ್ತದೆ. ಎಷ್ಟು ಮೆಲ್ಲಗೆಂದರೆ ಕೇಳುವವರಿಗೆ ತಿಳಿಯುವುದೇ ಇಲ್ಲ. ಗಾಯಕಿಗೆ ವಯಸ್ಸಾಯಿತೇನೋ ಅಂದುಕೊಳ್ಳುತ್ತೇವೆ. ಧ್ವನಿಮುದ್ರಿಕೆಯಲ್ಲಿ ಆಕೆಗೆ ಎಲ್ಲಿಂದ ವಯಸ್ಸಾಗಬೇಕು!

ಇನ್ನು ಸುಖದ ಮಾತು. ಕಿವಿಯನ್ನು ಸುತ್ತುವರಿಯುವ ಪ್ಯಾಡಿನೊಳಗೆ ಕಿವಿ ಪೂರಾ ಹಿಡಿಸಬೇಕು, ಎಲ್ಲೂ ತಾಗಬಾರದು. ಸುಲಭ ಅನಿಸುತ್ತದೆ. ಆದರೆ ಕಿವಿ ಒಂದೇ ಅಳತೆಯಲ್ಲಿ ನಿಲ್ಲುವುದಿಲ್ಲ. ಮುದುಕರ ಕಿವಿ ಅಷ್ಟು ದೊಡ್ಡದಾಗಿ ಏಕೆ ಕಾಣುತ್ತದೆ ಎಂದು ಇಂಗ್ಲೆಂಡಿನ ವೈದ್ಯ ಜೇಮ್ಸ್ ಹೀತ್‌ಕೋಟ್ ನಿಜವಾಗಿಯೂ ಸ್ಕೇಲು ಹಿಡಿದು ಅಳೆಸಿದರು. 206 ರೋಗಿಗಳ ಕಿವಿ ಅಳೆದು 1995ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಲೆಕ್ಕ: ವರ್ಷಕ್ಕೆ ಸರಾಸರಿ 0.22 ಮಿಲಿಮೀಟರ್ ಬೆಳವಣಿಗೆ. 50 ವರ್ಷಕ್ಕೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಜ್ವರವೆಂದು ಹೋದವರ ಕಿವಿ ಅಳೆದು ಕಳಿಸಿದರೆ ಅವರಿಗೆ ಏನನ್ನಿಸಿರಬಹುದು ಎಂದು ನಾನು ಆಗಾಗ ಯೋಚಿಸುವುದುಂಟು. ಅದೇನೇ ಇರಲಿ, ಇಪ್ಪತ್ತರಲ್ಲಿ ಸರಿಯಾಗಿ ಕೂತ ಪ್ಯಾಡು ಎಪ್ಪತ್ತರಲ್ಲಿ ಹಾಲೆಗೆ ತಾಗಿದರೆ ಪ್ಯಾಡಿನದೇ ತಪ್ಪೆನ್ನಲಾಗದು.

ಕಿವಿಯ ಮೇಲೆಯೇ ಕೂರುವ ಸಣ್ಣ ಪ್ಯಾಡಿನದು ಬೇರೆ ಗೋಳು. ಅದು ಕಿವಿಯ ಮೃದ್ವಸ್ಥಿಯನ್ನು ತಲೆಬುರುಡೆಗೆ ಒತ್ತಿ ಹಿಡಿಯುತ್ತದೆ. ಒಂದು ತಾಸಿಗೆ ಕಿವಿ ಕೆಂಪು, ಎರಡು ತಾಸಿಗೆ ಕೇಳುವ ಹಾಡೇ ಬೇಡ. ಇದನ್ನು ಮಾಡಿದ ಮಹನೀಯರು ನಮ್ಮ ಹೆಂಗಸರ ಕಿವಿಯನ್ನು ನೋಡಿದವರೇ ಅಲ್ಲ. ಓಲೆಯ ತಿರುಪು ಕಿವಿಯ ಹಿಂಬದಿಯಲ್ಲಿ ಚುಚ್ಚಿಕೊಂಡು ನಿಂತಿರುತ್ತದೆ. ಮೇಲಿನಿಂದ ಪ್ಯಾಡು ಒತ್ತಿದರೆ ಅದು ನೇರ ಕುತ್ತಿಗೆಗೆ. ಜುಮುಕಿ ಹಾಕಿದ್ದರೆ ಪ್ರತಿ ತಾಳಕ್ಕೂ ಅದು ಬಟ್ಟಲಿಗೆ ಬಡಿದು ಹಾಡಿನಲ್ಲಿಲ್ಲದ ಮಂಜೀರ ಕೇಳಿಸುತ್ತದೆ. ನಮ್ಮ ಅತ್ತೆಯವರು ಮೇಲ್ಗಿವಿಗೆ ಹಳೆಯ ಕಾಲದ ಬುಗುಡಿ ಹಾಕುತ್ತಾರೆ. ಮೊಮ್ಮಗಳು ಒಂದು ದಿನ ಅವರ ತಲೆಗೆ ಹೆಡ್‌ಫೋನು ತೊಡಿಸಿ ದೇವರನಾಮ ಹಾಕಿದಳು. ‘ಹೇಗಿದೆ ಅಜ್ಜಿ?’

‘ದೇವರು ಚೆನ್ನಾಗಿದ್ದಾನೆ ಕಣೆ. ಬುಗುಡಿ ನೋಯ್ತದೆ.’

ಆಕೆಗೆ ಈಗ ಕಿವಿಯನ್ನು ಸುತ್ತುವರಿಯುವ, ಆಳವಾದ, ಬಟ್ಟೆ ಹೊದಿಸಿದ ಪ್ಯಾಡಿನದನ್ನು ಕೊಡಿಸಿದ್ದೇವೆ. ದೇವರು, ಬುಗುಡಿ ಇಬ್ಬರೂ ಸುಖವಾಗಿದ್ದಾರೆ.

ಬಿಗಿತವೂ ಒಂದು ಸಮಸ್ಯೆ. ಸಡಿಲವಾದರೆ ಮಂದ್ರ ಸೋರುತ್ತದೆ, ಬಿಗಿಯಾದರೆ ದವಡೆ ನೋಯುತ್ತದೆ. ಹೊಸ ಹೆಡ್‌ಫೋನನ್ನು ರಾತ್ರಿಯಿಡೀ ಎರಡು ದಪ್ಪ ನಿಘಂಟುಗಳಿಗೆ ತೊಡಿಸಿ ಪಟ್ಟಿಯನ್ನು ಸಡಿಲಿಸುವವರಿದ್ದಾರೆ. ಅಷ್ಟಾದರೂ ನಿಘಂಟಿಗೆ ಬಳಕೆ ಬಂತಲ್ಲ ಎಂದು ಸಂತೋಷಪಡಬೇಕು. ಬಳ್ಳಾರಿ, ರಾಯಚೂರಿನ ಏಪ್ರಿಲ್ ತಿಂಗಳಲ್ಲಿ ರೆಕ್ಸಿನ್ ಪ್ಯಾಡು ಹಾಕಿಕೊಂಡು ಕೂತವರ ಕಿವಿಯಿಂದ ಬೆವರು ಹನಿಯುವುದನ್ನು ಕಂಡಿದ್ದೇನೆ. ಅಲ್ಲಿ ಬಟ್ಟೆಯ ಪ್ಯಾಡೇ ಸರಿ, ಮಂದ್ರ ಸ್ವಲ್ಪ ಹೋದರೆ ಹೋಗಲಿ. 1980ರ ದಶಕದ ಕೊನೆಯಲ್ಲಿ ವಿಯೆನ್ನಾದ ಎಕೆಜಿ ಕಂಪನಿಯವರು ಪ್ಯಾಡೇ ಬೇಡವೆಂದು ಕಿವಿಯ ಪಕ್ಕದಲ್ಲಿ ಎರಡು ಪುಟ್ಟ ಸ್ಪೀಕರುಗಳನ್ನು ಕಿಟಕಿ ಬಾಗಿಲಿನ ಹಾಗೆ ನಿಲ್ಲಿಸಿದ ಕೆ 1000 ಎಂಬ ಮಾದರಿ ತಂದರು. ಕಿವಿಗೆ ಏನೂ ತಾಗದು, ಬೆವರದು. ಗುಮಕಿಯೂ ಹೆಚ್ಚೇನೂ ಇರದು. ಪಕ್ಕದ ಕುರ್ಚಿಯವರಿಗೆ ಪುಕ್ಕಟೆ ಸಂಗೀತ.

ಪಕ್ಕದವರ ಗದ್ದಲ ನಮಗೆ ಬರದಂತೆ ತಡೆಯುವುದೂ ಪ್ಯಾಡಿನ ಕೆಲಸವೇ. ಬಂಗಾಳದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ, ಅಮೆರಿಕದಲ್ಲಿ ಪ್ರೊಫೆಸರಾಗಿದ್ದ ಅಮರ್ ಬೋಸ್, 1978ರಲ್ಲಿ ಜ್ಯೂರಿಕ್‌ನಿಂದ ವಿಮಾನದಲ್ಲಿ ಮರಳುವಾಗ ಎಂಜಿನ್ನಿನ ಸದ್ದಿನಲ್ಲಿ ಹಾಡು ಕೇಳಿಸದೆ ಬೇಸತ್ತು, ಎದುರು ಅಲೆ ಹಾಕಿ ಸದ್ದನ್ನು ಅಳಿಸುವ ಹೆಡ್‌ಫೋನಿನ ಲೆಕ್ಕವನ್ನು ಅಲ್ಲೇ ಶುರುಮಾಡಿದರಂತೆ. ಈಗ ಅಂಥವು ಮೆಟ್ರೊದಲ್ಲಿ ಎಲ್ಲರ ತಲೆಯ ಮೇಲಿವೆ. ಆದರೆ ಆ ಜಾಣ್ಮೆ ಮುಖ್ಯವಾಗಿ ಗುಂಯ್ ಎನ್ನುವ ಕೆಳದನಿಗಳಿಗೆ. ಮಗು ಅಳುವುದನ್ನು, ಹಾರ್ನನ್ನು ತಡೆಯುವುದು ಹೆಚ್ಚಾಗಿ ಪ್ಯಾಡು, ಬಟ್ಟಲುಗಳೇ. ಪ್ಯಾಡು ಹರಿದರೆ ಎರಡೂ ಕೆಡುತ್ತವೆ, ಅಳಿಸುವ ಸರ್ಕೀಟಿಗೂ ಬಿಗಿಯಾದ ಕೋಣೆಯೇ ಬೇಕು. ಆಗ ನಾವು ಮಾಡುವುದೇನು? ವಾಲ್ಯೂಮು ಏರಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಅದರ ಮೇಲೆ ಪ್ರತಿ 3 ಡೆಸಿಬೆಲ್ ಏರಿಸಿದಂತೆಲ್ಲ ಕೇಳಬಹುದಾದ ಸಮಯ ಅರ್ಧಕ್ಕರ್ಧ ಇಳಿಯುತ್ತದೆ. ಸೋರುವ ಪ್ಯಾಡಿನ ದಂಡವನ್ನು ಕಟ್ಟುವುದು ಕಿವಿಯೊಳಗಿನ ನರ, ಅದಕ್ಕೆ ಬಿಡಿಭಾಗ ಸಿಗುವುದಿಲ್ಲ.

ಪ್ಯಾಡಿಗಾದರೆ ಸಿಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇಂಥದ್ದು ಸಿಗುವುದಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ. ಒಬ್ಬರು ಮಾತ್ರ ಹಾಯಬಹುದಾದ ಗಲ್ಲಿಯ ಒಂದು ಅಂಗಡಿಯಲ್ಲಿ ಹರಿದ ಪ್ಯಾಡು ತೋರಿಸಿದೆ.

‘ಎಷ್ಟು ಎಂಎಂ ಸಾರ್?’

‘ಅಳತೆ ಗೊತ್ತಿಲ್ಲಪ್ಪ.’

‘ದುಂಡಗಿಂದಾ, ಮೊಟ್ಟೆ ಶೇಪಾ? ಎಪ್ಪತ್ತು, ಎಂಬತ್ತು, ತೊಂಬತ್ತು, ನೂರು ಎಲ್ಲಾ ಐತೆ. ಮಾಡೆಲ್ ನಂಬರ್ ಹೇಳಿದ್ರೆ ಒರಿಜಿನಲ್ ಥರಾನೇ ಕೊಡ್ತೀನಿ.’

‘ಒರಿಜಿನಲ್ಲೇ ಇಲ್ವಾ?’

‘ಒರಿಜಿನಲ್ ರೇಟಲ್ಲಿ ಇನ್ನೊಂದು ಹೆಡ್‌ಫೋನ್ ಬತ್ತದೆ ಸಾರ್, ಅದ್ಯಾಕೆ?’

ಅವನ ಮಾತಿನಲ್ಲಿ ನ್ಯಾಯವಿತ್ತು. ಆದರೆ ಒರಿಜಿನಲ್ ಥರದ್ದಕ್ಕೂ ಒರಿಜಿನಲ್ಲಿಗೂ ನಡುವೆ ಕೆಲವು ಮಿಲಿಮೀಟರ್ ದಪ್ಪ, ಸ್ಪಂಜಿನ ಗಟ್ಟಿತನ, ನಡುವಿನ ತೂತಿನ ಅಗಲ ಇವು ಬೇರೆಯಾದರೆ ದನಿ ಬೇರೆಯಾಗುತ್ತದೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1953ರಿಂದ ನಡೆಯುತ್ತಿರುವ ಗ್ರಾಡೊ ಕಂಪನಿಯ ಹೆಡ್‌ಫೋನುಗಳಿಗೆ ಚಪ್ಪಟೆ ಸ್ಪಂಜು ಹಾಕಿದರೆ ಒಂದು ದನಿ, ಬೋಗುಣಿ ಸ್ಪಂಜು ಹಾಕಿದರೆ ಇನ್ನೊಂದು ದನಿ. ಅದನ್ನೇ ಬದಲಿಸುತ್ತ, ಕತ್ತರಿಸುತ್ತ, ಟೇಪು ಅಂಟಿಸುತ್ತ ಜೀವಮಾನ ಕಳೆಯುವವರ ಒಂದು ಪಂಥವೇ ಇದೆ. ಆ ಪಂಥಕ್ಕೆ ಸೇರುವ ಯೋಗ್ಯತೆ ನನಗಿಲ್ಲ. ನಾನು ಕೊಂಡದ್ದು ಆಳದಲ್ಲಿ ಹಳೆಯದಕ್ಕೆ ಆದಷ್ಟು ಹತ್ತಿರವಾದ, ಮೆಮೊರಿ ಫೋಮಿನ ಜೋಡಿ.

ಮನೆಗೆ ತಂದು ತೊಡಿಸುವುದು ಇನ್ನೊಂದು ಅಧ್ಯಾಯ. ಪ್ಯಾಡಿನ ಹಿಂದೆ ಒಂದು ತೆಳು ಅಂಚು ಇರುತ್ತದೆ. ಅದು ಬಟ್ಟಲಿನ ಸುತ್ತಲಿನ ಸಂದಿಯಲ್ಲಿ ಹೋಗಿ ಕೂರಬೇಕು. ಈ ಕಡೆ ಕೂರಿಸಿದರೆ ಆ ಕಡೆ ಏಳುತ್ತದೆ. ಹೆಂಡತಿ ಒಂದಷ್ಟು ಹೊತ್ತು ನೋಡಿ, ಹಳೆಯ ವಿಸಿಟಿಂಗ್ ಕಾರ್ಡಿನ ತುದಿಯಿಂದ ಅಂಚನ್ನು ತಳ್ಳುತ್ತ ಸುತ್ತು ಬಂದು ಮುಗಿಸಿದಳು. ಆಮೇಲೆ ಹಾಕಿಕೊಂಡು ಕೇಳಿದಳು. ಹಾಡು ಮುಗಿಯುವವರೆಗೆ ಹಿಂದಿರುಗಿಸಲಿಲ್ಲ.

ಹಾಗಾಗಿ, ಹೆಡ್‌ಫೋನಿನಲ್ಲಿ ಮೊದಲಿನ ಗುಮಕಿ ಇಲ್ಲ ಎನಿಸಿ ಹೊಸದಕ್ಕೆ ದುಡ್ಡು ಎಣಿಸುವ ಮುನ್ನ ಪ್ಯಾಡನ್ನು ಒಮ್ಮೆ ನೋಡಿ. ಕೊಳ್ಳುವಾಗ ಹಳೆಯದರ ಅಗಲವನ್ನಷ್ಟೇ ಅಲ್ಲ, ಅದು ಹೊಸದಿದ್ದಾಗಿನ ದಪ್ಪವನ್ನೂ ವಿಚಾರಿಸಿ. ಕನ್ನಡಕದವರು ಮೆತ್ತನೆಯ ಫೋಮನ್ನು, ಕರಾವಳಿಯವರು ಬಟ್ಟೆಯ ಹೊದಿಕೆಯನ್ನು ಕೇಳಿ ಪಡೆಯಿರಿ. ಅಗ್ಗವೆಂದು ನಾಲ್ಕು ಜೋಡಿ ತಂದು ಬೀರುವಿನಲ್ಲಿ ಕೂಡಿಡಬೇಡಿ, ರೆಕ್ಸಿನ್ನು ಅಲ್ಲಿಯೂ ಮುದಿಯಾಗುತ್ತದೆ. ಮತ್ತೆ, ಬಟ್ಟಲಿನ ಮೇಲೆ ತೆಳುವಾದ ಬಟ್ಟೆಯದೋ ಸ್ಪಂಜಿನದೋ ಬಿಲ್ಲೆಯಿದ್ದರೆ ಅದನ್ನು ಕಸವೆಂದು ಕಿತ್ತುಹಾಕಬೇಡಿ. ತಾರವನ್ನು ಹದಕ್ಕೆ ತರುವ ಕೆಲಸದಲ್ಲಿ ಅದಕ್ಕೂ ಪಾಲಿದೆ.